ಕಾರಣ ಬರೆಯುವ ಜಾಗ

೧೪, ಬೆಥಾನಿಯಾ ಬೀದಿ
ಟ್ರೆಹೀರ್, ದಕ್ಷಿಣ ವೇಲ್ಸ್
೩ ಫೆಬ್ರವರಿ ೨೦೧೩

ಮಗಳೇ ನೆರಿಸ್,

ಮೂರು ವಾರದಿಂದ ಈ ಹಾಳೆ ಅಡುಗೆಮನೆಯ ಮೇಜಿನ ಮೇಲೇ ಇತ್ತು. ‘ಮಗಳೇ’ ಎಂದು ಬರೆದು ನಿಲ್ಲಿಸಿದ್ದೆ. ಮುಂದೆ ಏನು ಬರೆಯಲು ಹೋದರೂ ಕೋರ್ಟಿನ ಮೆಟ್ಟಿಲ ಮೇಲೆ ನಾನು ಆಡಿದ ಮಾತೇ ಕಿವಿಗೆ ಬೀಳುತ್ತಿತ್ತು. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ನೀನು ಮೆಚ್ಚಿಕೊಂಡ ಆ ಡೀನ್ ಕುಡಿದು ಗಾಡಿ ಓಡಿಸಿ ಆ ಮುದುಕನ ಸೊಂಟ ಮುರಿದದ್ದು ಒಂದು ತಪ್ಪು. ಓಡಿಸುತ್ತಿದ್ದವಳು ನಾನೇ ಎಂದು ನೀನು ಪೊಲೀಸರ ಮುಂದೆ ಸುಳ್ಳು ಹೇಳಿದ್ದು ಇನ್ನೊಂದು ತಪ್ಪು. ನಾನು ಅವತ್ತು ಎರಡನ್ನೂ ಸೇರಿಸಿ ನಿನ್ನ ತಲೆಗೇ ಕಟ್ಟಿಬಿಟ್ಟೆ.

ನೀನು ಫೋನು ಮಾಡಿದರೆ ಸಿಗುವುದು ಐದು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ‘ಮತ್ತೇನಪ್ಪಾ’, ‘ಮತ್ತೇನಿಲ್ಲಮ್ಮಾ’ ಅನ್ನುವುದರಲ್ಲೇ ಕಳೆದುಹೋಗುತ್ತದೆ. ಅದಕ್ಕಿಂತ ಕಾಗದವೇ ವಾಸಿ.

ಕೇಸು ನ್ಯೂಪೋರ್ಟಿನಲ್ಲಿ ನಡೆದದ್ದರಿಂದ ಇಲ್ಲಿಯವರಿಗೆ ಸುದ್ದಿ ಮುಟ್ಟಿಲ್ಲ. ಕೇಳಿದವರಿಗೆಲ್ಲ ನೀನು ಬೋರ್ನ್‌ಮತ್‌ನ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ್ದೀ ಎಂದಿದ್ದೇನೆ. ಪಕ್ಕದ ಮನೆಯ ಎಲಿನೆಡ್‌ಗೆ ಮಾತ್ರ ನಿಜ ಗೊತ್ತು. ಮೊನ್ನೆ ಮಾಂಸದಂಗಡಿಯವನು, “ಅವಳ ರೂಮಿಂದ ಸಮುದ್ರ ಕಾಣತ್ತಾ?” ಅಂದ. ಕಾಣುತ್ತದೆ ಎಂದೆ.

ನನ್ನ ವಿಷಯ ಏನಿದೆ ಹೇಳಲಿಕ್ಕೆ. ಕಾರ್ಖಾನೆ ಮುಚ್ಚಿ ಎರಡು ವರ್ಷವಾಯಿತು. ಉದ್ಯೋಗ ಕಚೇರಿಯವರು ಈಗ ನನ್ನನ್ನು ಜನರನ್ನು ಕೆಲಸಕ್ಕೆ ಮರಳಿಸುವ ಗುತ್ತಿಗೆ ಹಿಡಿದ ಒಂದು ಕಂಪನಿಗೆ ಒಪ್ಪಿಸಿದ್ದಾರೆ. ವಾರಕ್ಕೆ ಇಷ್ಟು ಅರ್ಜಿ ಹಾಕಬೇಕು, ಕರೆದಾಗಲೆಲ್ಲ ಹೋಗಬೇಕು, ತಪ್ಪಿದರೆ ನಿರುದ್ಯೋಗ ಭತ್ಯೆ ನಿಲ್ಲುತ್ತದೆ. ನನಗೆ ಸಿಕ್ಕಿರುವ ಸಲಹೆಗಾರ್ತಿ ಲೋರ್ನಾ ಅಂತ, ಇಪ್ಪತ್ತಮೂರು ವರ್ಷದ ಹುಡುಗಿ. ಮೂವತ್ತೊಂದು ವರ್ಷ ನಾನು ಸೋಫಾಗಳಿಗೆ ಕುಶನ್ ಕೆಲಸ ಮಾಡಿದ್ದನ್ನೆಲ್ಲ ಅವಳು ಒಂದೇ ಸಾಲಿಗೆ ಇಳಿಸಿದಳು: ‘ತಂಡದೊಡನೆ ಬೆರೆತು ದುಡಿಯಬಲ್ಲರು.’ ಹೋದ ವಾರ ಹನ್ನೆರಡು ಜನರನ್ನು ಸುತ್ತ ಕೂರಿಸಿಕೊಂಡು, ನೀವು ಪ್ರಾಣಿಯಾಗಿದ್ದರೆ ಯಾವ ಪ್ರಾಣಿ ಎಂದು ಕೇಳಿದಳು.

“ಕತ್ತೆ” ಅಂದೆ.

“ಇಡ್ವಲ್, ಸ್ವಲ್ಪ ಪಾಸಿಟಿವ್ ಆಗಿ ಯೋಚ್ನೆ ಮಾಡಿ.”

“ಸರಿ. ಒಳ್ಳೇ ಕತ್ತೆ.”

ಅಲ್ಲಿ ಊಟ ಹೇಗಿದೆ? ಹೊದ್ದುಕೊಳ್ಳಲು ಸರಿಯಾಗಿ ಕೊಟ್ಟಿದ್ದಾರಾ?

ಅಪ್ಪ
(ಲಕೋಟೆಯ ಹಿಂದೆ ಪೂರ್ತಿ ಹೆಸರು ಬರೆಯಬೇಕಂತೆ. ಬರೆದಿದ್ದೇನೆ.)


೧೧ ಫೆಬ್ರವರಿ

ಅಪ್ಪಾ,

ಇಲ್ಲಿ ಬರುವ ಕಾಗದಗಳನ್ನು ಮೊದಲು ಕಾವಲಿನವರು ಒಡೆದು ನೋಡುತ್ತಾರೆ. ನಿನ್ನದನ್ನು ಕೈಗೆ ಕೊಡುವಾಗ ಕಾವಲಿನ ಮಿಸ್, “ನಿಮ್ಮಪ್ಪ ಒಳ್ಳೇ ಕತ್ತೆನಂತೆ” ಎಂದರು. ಓದಿದ ಮೇಲೆ ತಿಳಿಯಿತು. ಎಷ್ಟೋ ದಿನವಾಗಿತ್ತು ಹಾಗೆ ನಕ್ಕು.

ಮೆಟ್ಟಿಲ ಮೇಲೆ ನೀನು ಅಂದದ್ದಕ್ಕಿಂತ ಹೆಚ್ಚಿನದನ್ನು ನನಗೆ ನಾನೇ ಅಂದುಕೊಂಡಿದ್ದೇನೆ. ಅದು ಅಲ್ಲಿಗೆ ಮುಗಿಯಲಿ.

ನನ್ನ ಜೊತೆ ಒಂದೇ ಕೋಣೆಯಲ್ಲಿ ಡೆನೀಸ್ ಎಂಬವಳಿದ್ದಾಳೆ, ಬ್ರಿಸ್ಟಲಿನವಳು, ಐವತ್ತು ದಾಟಿದೆ. ಗೊರಕೆ ನಿನ್ನ ಸರಿಸಮ. ಓದು ಬರಹ ಅಷ್ಟಾಗಿ ಬಾರದು. ಅವಳ ಮೊಮ್ಮಕ್ಕಳಿಗೆ ನಾನೇ ಕಾಗದ ಬರೆದುಕೊಡುತ್ತೇನೆ. ಈಗ ಅಕ್ಕಪಕ್ಕದ ಕೋಣೆಯವರೂ ಬರುತ್ತಾರೆ. ಕೌನ್ಸಿಲ್ ಕಚೇರಿಯಲ್ಲಿ ಆರು ವರ್ಷ ಫಾರಂ ತುಂಬಿಸಿದ್ದು ಇಲ್ಲಿ ಕೆಲಸಕ್ಕೆ ಬಂತು.

ಹಗಲು ಲಾಂಡ್ರಿಯಲ್ಲಿ ಕೆಲಸ. ಬೇರೆ ಜೈಲುಗಳ ದುಪ್ಪಟಿಗಳೂ ಇಲ್ಲಿಗೇ ಬರುತ್ತವೆ. ನಿನಗೂ ಕಡ್ಡಾಯ, ನನಗೂ ಕಡ್ಡಾಯ. ವ್ಯತ್ಯಾಸವೆಂದರೆ ನನಗೆ ನಿಜವಾಗಲೂ ಕೆಲಸ ಸಿಕ್ಕಿದೆ.

ಭೇಟಿಯ ಚೀಟಿ ಇದರ ಜೊತೆ ಇಟ್ಟಿದ್ದೇನೆ. ಬುಧವಾರ, ೨೦ನೇ ತಾರೀಕು, ಮಧ್ಯಾಹ್ನ ಎರಡು ಗಂಟೆ. ಎರಡು ರೈಲು, ಒಂದು ಬಸ್ಸು ಹಿಡಿಯಬೇಕು. ದೂರ. ಬರಲೇಬೇಕೆಂದೇನಿಲ್ಲ. ಗುರುತಿನ ಚೀಟಿ ಮಾತ್ರ ಮರೆಯಬೇಡ.

ನಿನ್ನ
ನೆರಿಸ್


೨೨ ಫೆಬ್ರವರಿ

ನೆರಿಸ್,

ಒಂದೂವರೆ ಗಂಟೆ ಎದುರುಬದುರು ಕೂತು ನಾವು ಮಾತಾಡಿದ್ದು ಯಾವುದರ ಬಗ್ಗೆ? ಚಹಾ ಯಂತ್ರ ನನ್ನ ಚಿಲ್ಲರೆ ನುಂಗಿದ್ದರ ಬಗ್ಗೆ. ದಾರಿಯಲ್ಲಿ ಬಿದ್ದ ಹಿಮದ ಬಗ್ಗೆ. ರೈಲಿನಲ್ಲಿ ಬರುವಾಗ ಮನಸ್ಸಿನಲ್ಲಿ ಹೊಂದಿಸಿಕೊಂಡದ್ದೆಲ್ಲ ನಿನ್ನ ಮುಖ ನೋಡುತ್ತಲೇ ಹಾರಿಹೋಯಿತು. ಕೂದಲು ಕತ್ತರಿಸಿಕೊಂಡಿದ್ದೀ. ಚೆನ್ನಾಗಿದೆ ಎಂದು ಅಲ್ಲಿ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ನಿನಗೆ ತೊಡಿಸಿದ್ದರಲ್ಲ, ಆ ಕಿತ್ತಳೆ ಬಣ್ಣದ ಮೇಲಂಗಿ, ಅದರ ಹೆಗಲಿನ ಹೊಲಿಗೆ ಬಿಟ್ಟಿತ್ತು. ಇಡೀ ಹೊತ್ತು ನನ್ನ ಕೈ ಸುಮ್ಮನಿರಲಿಲ್ಲ. ಕಾವಲಿನವರ ಹತ್ತಿರ ಸೂಜಿ ದಾರ ಕೇಳಿಬಿಡೋಣ ಅನ್ನಿಸಿತು. ಜೈಲಿನಲ್ಲಿ ಸೂಜಿ ಕೇಳಿದವನನ್ನು ಹೊರಗೆ ಬಿಡುತ್ತಾರೋ ಇಲ್ಲವೋ ಅಂತ ಸುಮ್ಮನಾದೆ.

ಹೊರಡುವಾಗ ತಬ್ಬಿಕೊಳ್ಳಲು ಎಷ್ಟು ಹೊತ್ತು ಬಿಡುತ್ತಾರೆ ಎಂದು ಗೊತ್ತಿರಲಿಲ್ಲ. ಅದಕ್ಕೇ ಬೇಗ ಕೈ ಬಿಟ್ಟೆ. ಬಾಗಿಲ ಬಳಿ ತಿರುಗಿ ನೋಡಿದರೆ ಬೇರೆಯವರೆಲ್ಲ ಇನ್ನೂ ತಬ್ಬಿಕೊಂಡೇ ನಿಂತಿದ್ದರು.

ಇಲ್ಲಿ ಎಲ್ಲ ಚೆನ್ನಾಗಿದೆ. ನನ್ನ ಚಿಂತೆ ನಿನಗೆ ಬೇಡ. ಈ ಭಾನುವಾರ ಕುರಿತೊಡೆ ತಂದು ಸುಡೋಣ ಅಂತಿದ್ದೇನೆ, ಪುದೀನ ಸಾಸಿನ ಸಮೇತ.

ಅಪ್ಪ


೬ ಮಾರ್ಚ್

ಅಪ್ಪಾ,

ಕುರಿತೊಡೆ? ನೀನು? ಅಮ್ಮ ಹೋದ ಮೇಲೆ ಆ ಒಲೆಯೊಳಗೆ ನೀನು ಇಟ್ಟದ್ದು ನಿನ್ನ ಒದ್ದೆ ಬೂಟು ಮಾತ್ರ. ಬೇಯಿಸಿದ್ದರೆ ಎಷ್ಟು ಹೊತ್ತು ಬೇಯಿಸಿದೆ ಎಂದು ಬರೆ. ಆಗ ನಂಬುತ್ತೇನೆ.

ಡೀನ್ ತಾನಿರುವ ಜೈಲಿನಿಂದ ನನಗೆ ಕಾಗದ ಬರೆದಿದ್ದಾನೆ. ದಪ್ಪ ಇದೆ. ಇನ್ನೂ ಒಡೆದಿಲ್ಲ. ದಿಂಬಿನ ಕೆಳಗಿಟ್ಟಿದ್ದೆ, ಡೆನೀಸ್ ಅದನ್ನು ಎತ್ತಿ ಕಿಟಕಿಯ ಮೇಲಿಟ್ಟಳು. “ತಲೆ ಕೆಳಗೆ ಇಟ್ಕೊಂಡ್ರೆ ತಲೆಗೇ ಹೋಗತ್ತೆ ಕಣೇ” ಎನ್ನುತ್ತಾಳೆ. ನಿನ್ನ ಅಭಿಪ್ರಾಯ ಏನು?

೧೩ನೇ ತಾರೀಕಿಗೆ ಇನ್ನೊಂದು ಚೀಟಿ ಇಟ್ಟಿದ್ದೇನೆ. ಈ ಸಲ ಬೇಗ ಕೈ ಬಿಡಬೇಡ.

ನೆರಿಸ್


೧೪ ಮಾರ್ಚ್

ನೆರಿಸ್,

ನಿನ್ನೆ ಬರಲಾಗಲಿಲ್ಲ. ನೆಗಡಿ ಜ್ವರ. ಅಲ್ಲಿ ಅಷ್ಟು ಜನ ಇರುತ್ತೀರಿ, ಹಚ್ಚಿ ಬರುವುದು ಸರಿಯಲ್ಲ ಅನ್ನಿಸಿತು. ಚೀಟಿ ವ್ಯರ್ಥವಾಯಿತು, ಬೇಸರ ಮಾಡಿಕೊಳ್ಳಬೇಡ.

ಡೀನ್‌ನ ಕಾಗದ ಒಡೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಈ ಒಂದು ಸಾಲು ಬರೆಯಲು ನನಗೆ ಎರಡು ದಿನ ಹಿಡಿಯಿತು, ಅಷ್ಟು ತಿಳಿದುಕೋ.

ಕುರಿತೊಡೆ ಎರಡು ಗಂಟೆ ಬೇಯಿಸಿದೆ.

ಅಪ್ಪ


೧೬, ಬೆಥಾನಿಯಾ ಬೀದಿ
೧೮ ಮಾರ್ಚ್

ಪ್ರೀತಿಯ ನೆರಿಸ್,

ನಾನು, ಪಕ್ಕದ ಮನೆಯ ಎಲಿನೆಡ್ ಆಂಟಿ. ನಾನು ಬರೆದೆ ಎಂದು ನಿಮ್ಮಪ್ಪನಿಗೆ ಗೊತ್ತಾದರೆ ಮೂರು ತಿಂಗಳು ಮಾತು ಬಿಡುತ್ತಾನೆ. ಬಿಟ್ಟರೆ ಬಿಡಲಿ.

ಶನಿವಾರ ರಗ್ಬಿಯಲ್ಲಿ ನಮ್ಮವರು ಇಂಗ್ಲೆಂಡನ್ನು ಬಡಿದು ಮಲಗಿಸಿದ್ದು ನಿನಗೂ ಗೊತ್ತಾಗಿರಬೇಕು. ಊರಿಗೆ ಊರೇ ಪಬ್ಬಿನಲ್ಲಿತ್ತು. ಇಡ್ವಲ್ ಇರಲಿಲ್ಲ. ಇಡ್ವಲ್ ಪ್ರಾಸರ್ ಇಂಗ್ಲೆಂಡಿನ ಪಂದ್ಯಕ್ಕೆ ಪಬ್ಬಿಗೆ ಬರಲಿಲ್ಲ ಅಂದರೆ ಒಂದೋ ಸತ್ತಿರಬೇಕು, ಇಲ್ಲವೇ ಏನೋ ಮುಚ್ಚಿಡುತ್ತಿರಬೇಕು. ಭಾನುವಾರ ಒಂದು ಪಾತ್ರೆ ಕುರಿಮಾಂಸದ ಕೌಲ್ ಸಾರು ತೆಗೆದುಕೊಂಡು ಹೋಗಿ ಬಾಗಿಲು ಬಡಿದೆ. ಮನೆಯೊಳಗೆ ಕೋಟು ಟೋಪಿ ಹಾಕಿಕೊಂಡು ಕೂತಿದ್ದಾನೆ. ಹೀಟರ್ ಹಚ್ಚಿಲ್ಲ, ಗೋಡೆ ಮುಟ್ಟಿದರೆ ಮಂಜುಗಡ್ಡೆ.

“ಏನೋ ಇದು?” ಅಂದೆ.

“ಹೊರಗೆ ಹೊರಟಿದ್ದೆ.”

“ಚಪ್ಪಲಿ ಹಾಕ್ಕೊಂಡು?”

ಒಂದು ಬಟ್ಟಲು ಕುಡಿಯುವವರೆಗೂ ಬಾಯಿ ಬಿಡಲಿಲ್ಲ. ಎರಡನೆಯದಕ್ಕೆ ಬಿಟ್ಟ. ನಿನ್ನನ್ನು ನೋಡಲು ಬಂದನಲ್ಲ ಆ ಬುಧವಾರ, ಕಂಪನಿಯವರು ಅವನನ್ನು ಮಾತಿಗೆ ಕರೆದದ್ದೂ ಅವತ್ತೇ. ಕರೆದ ಕಾಗದ ಹಿಂದಿನ ದಿನ ಬಂತಂತೆ. ಫೋನು ಮಾಡಿದನಂತೆ, ಮುಕ್ಕಾಲು ಗಂಟೆ ಸಂಗೀತ ಕೇಳಿಸಿದರಂತೆ, ಯಾರೂ ಎತ್ತಲಿಲ್ಲವಂತೆ. ನಿನ್ನ ಹತ್ತಿರ ಬಂದ. ಮರುದಿನ ಹೋದರೆ, ನಿನ್ನೆ ಯಾಕೆ ಬರಲಿಲ್ಲ ಎಂದು ಆ ಲೋರ್ನಾ ಹುಡುಗಿ ಕೇಳಿದಳಂತೆ. ಇವನು “ಸ್ವಂತ ಕೆಲಸ ಇತ್ತು” ಅಂದನಂತೆ. ಅವಳು ಪಾಪ ಮೂರು ಸಲ ಕೇಳಿದಳಂತೆ, ಏನು ಕೆಲಸ ಹೇಳಿ, ಕಾರಣ ಬರೆಯುವ ಜಾಗ ಇದು ಅಂತ. ಮೂರು ಸಲವೂ ಇವನದು ಅದೇ ಉತ್ತರ. ನಾಲ್ಕು ವಾರದ ಭತ್ಯೆ ನಿಲ್ಲಿಸಿದ್ದಾರೆ.

ಜ್ವರವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಹದಿಮೂರನೇ ತಾರೀಕು ಅವನ ಕೈಯಲ್ಲಿ ರೈಲಿಗೆ ಕಾಸಿರಲಿಲ್ಲ. ನಾನು ಕೊಡುತ್ತಿದ್ದೆ. ಕೇಳಬೇಕಲ್ಲ!

ಸಾರು ದಿನಾ ಕೊಡುತ್ತಿದ್ದೇನೆ. ಅದರ ಚಿಂತೆ ಬಿಡು. ಮಿಕ್ಕದ್ದಕ್ಕೆ ನೀನೇ ಏನಾದರೂ ಮಾಡು.

ಎಲಿನೆಡ್ ಆಂಟಿ


೨೨ ಮಾರ್ಚ್

ಅಪ್ಪಾ,

ಎಲ್ಲ ಗೊತ್ತಾಯಿತು. ಯಾರು ಹೇಳಿದರು ಎಂದು ಕೇಳಬೇಡ, ನೀನೇ ಊಹಿಸಬಲ್ಲೆ. ಅವರ ಜೊತೆ ಮಾತು ಬಿಟ್ಟರೆ ನನ್ನ ಜೊತೆಗೂ ಬಿಟ್ಟಂತೆ.

ಎರಡು ದಿನ ನನಗೆ ಬಂದ ಸಿಟ್ಟಿಗೆ ಲಾಂಡ್ರಿಯಲ್ಲಿ ಯಾರೂ ಹತ್ತಿರ ಸುಳಿಯಲಿಲ್ಲ. ಒಬ್ಬರನ್ನು ಕಾಪಾಡಲು ಬಾಯಿ ಮುಚ್ಚಿಕೊಂಡು ತಾನು ಪೆಟ್ಟು ತಿಂದರೆ ಏನಾಗುತ್ತದೆ ಎಂದು ತಿಳಿಯಲು ನೀನು ದೂರ ಹೋಗಬೇಕಾಗಿಲ್ಲ. ನಿನ್ನ ಮಗಳು ಅದನ್ನು ಮಾಡಿಯೇ ಇಲ್ಲಿ ಕೂತಿದ್ದಾಳೆ.

ಇದರ ಜೊತೆ ಎರಡು ಹಾಳೆ ಇಟ್ಟಿದ್ದೇನೆ. ಮೊದಲನೆಯದು ತೀರ್ಮಾನವನ್ನು ಮತ್ತೆ ಪರಿಶೀಲಿಸಿ ಎಂದು ಕೇಳುವ ಅರ್ಜಿ. ನಾನೇ ಬರೆದಿದ್ದೇನೆ, ನೀನು ನಿನ್ನ ಕೈಬರಹದಲ್ಲಿ ನಕಲು ಮಾಡಿ ಸಹಿ ಹಾಕು. ಎರಡನೆಯದು ೨೦ನೇ ತಾರೀಕು ನೀನು ಇಲ್ಲಿಗೆ ಬಂದಿದ್ದೆ ಎಂಬುದಕ್ಕೆ ಭೇಟಿ ವಿಭಾಗದವರು ಮುದ್ರೆ ಒತ್ತಿ ಕೊಟ್ಟ ಕಾಗದ. ಕಾರಣ ಬರೆಯುವ ಜಾಗದಲ್ಲಿ ಹೀಗೇ ಬರೆಯಬೇಕು: ‘ಅಂದು ನಾನು ಜೈಲಿನಲ್ಲಿರುವ ನನ್ನ ಮಗಳನ್ನು ನೋಡಲು ಹೋಗಿದ್ದೆ.’ ಒಂದು ಪದವೂ ಆಚೀಚೆ ಆಗಬಾರದು.

ಅರ್ಜಿ ಕೊಟ್ಟೆ ಎಂದು ನೀನು ಬರೆಯುವವರೆಗೆ ನಿನಗೆ ಭೇಟಿಯ ಚೀಟಿ ಕಳಿಸುವುದಿಲ್ಲ.

ನೆರಿಸ್


೨೮ ಮಾರ್ಚ್

ನೆರಿಸ್,

ಅರ್ಜಿ ಚೆನ್ನಾಗಿ ಬರೆದಿದ್ದೀ. ನಿನ್ನ ಅಮ್ಮನ ಅಕ್ಷರವೇ. ಎರಡು ಸಲ ಓದಿ ಡ್ರಾಯರಿನಲ್ಲಿಟ್ಟೆ. ಕೊಡುವುದಿಲ್ಲ.

ಲೋರ್ನಾಳ ತಾಯಿ ಚಾಪೆಲ್‌ನಲ್ಲಿ ನನ್ನ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ಅವಳ ಚಿಕ್ಕಮ್ಮ ನಿನಗೆ ಮೂರನೇ ಕ್ಲಾಸಿನಲ್ಲಿ ಪಾಠ ಮಾಡಿದವಳು. ಬೆಳಗ್ಗೆ ಆ ಫಾರಂನಲ್ಲಿ ಬರೆದರೆ ಸಂಜೆಗೆ ಮಾಂಸದಂಗಡಿಗೆ ತಲುಪುತ್ತದೆ. ನನಗೇನು, ನಾನು ಅರ್ಧ ಹಾದಿ ಮುಗಿಸಿದವನು. ನೀನು ಬಂದ ಮೇಲೆ ಈ ಬೀದಿಯಲ್ಲೇ ಓಡಾಡಬೇಕು, ಇಲ್ಲೇ ಕೆಲಸ ಹುಡುಕಬೇಕು.

ನಾಲ್ಕು ವಾರ ಇನ್ನೇನು ಮುಗಿಯಿತು. ಗಣಿ ಮುಷ್ಕರದ ವರ್ಷ ಇಡೀ ಕಣಿವೆ ಇದಕ್ಕಿಂತ ಕಡಿಮೆಯಲ್ಲಿ ಬದುಕಿತ್ತು. ಸಿಟ್ಟಾಗಬೇಡ. ಚೀಟಿ ಕಳಿಸು.

ಅಪ್ಪ


೩ ಏಪ್ರಿಲ್

ಅಪ್ಪಾ,

ಸಿಟ್ಟಿಲ್ಲ. ಸಿಟ್ಟು ತೀರಿದ ಮೇಲೆ ಬರೆಯೋಣ ಎಂದು ಕಾದೆ.

ನೀನು ನನ್ನ ಮರ್ಯಾದೆ ಕಾಯುತ್ತಿದ್ದೇನೆ ಅಂದುಕೊಂಡಿದ್ದೀ. ಇಲ್ಲಿಂದ ಅದು ಹೇಗೆ ಕಾಣುತ್ತದೆ ಹೇಳಲೇ? ಬೋರ್ನ್‌ಮತ್‌ನಲ್ಲಿ ನಿನಗೆ ಇನ್ನೊಬ್ಬ ಮಗಳಿದ್ದಾಳೆ. ಅವಳಿಗೆ ಹೋಟೆಲಿನಲ್ಲಿ ಕೆಲಸ, ರೂಮಿನಿಂದ ಸಮುದ್ರ ಕಾಣುತ್ತದೆ. ಊರಲ್ಲಿ ಯಾರು ಕೇಳಿದರೂ ನೀನು ಅವಳ ವಿಷಯ ಹೇಳುತ್ತೀ. ಅವಳಿಗಾಗಿ ಉಪವಾಸ ಕೂರುತ್ತೀ. ಜೂನ್ ತಿಂಗಳಲ್ಲಿ ಆ ಮನೆಗೆ ಬರುವವಳು ನಾನು ಅಪ್ಪಾ, ಅವಳಲ್ಲ. ನಾನು ಬಂದರೆ ಅವಳನ್ನು ಎಲ್ಲಿಗೆ ಕಳಿಸುತ್ತೀ?

ಡೀನ್‌ನ ಕಾಗದವನ್ನು ಒಡೆಯದೆ ವಾಪಸು ಕಳಿಸಿದೆ. ಡೆನೀಸ್ ಅಂಚೆ ಡಬ್ಬಿಯವರೆಗೂ ಜೊತೆಗೆ ಬಂದಳು.

ಚೀಟಿ ಕಳಿಸುತ್ತಿದ್ದೇನೆ. ಅರ್ಜಿ ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ಬಾ. ಎಲಿನೆಡ್ ಆಂಟಿಯ ಹತ್ತಿರ ಕಾಸು ಕೇಳಿ ಬಾ.

ನಿನ್ನವಳೇ
ನೆರಿಸ್


೧೨ ಏಪ್ರಿಲ್

ನನ್ನ ನೆರಿಸ್,

ನಿನ್ನ ಕಾಗದ ಬಂದ ದಿನ ನಾನು ಬೆಟ್ಟದ ಮೇಲಿನ ಜಲಾಶಯದವರೆಗೂ ನಡೆದುಹೋದೆ. ಮರುದಿನವೂ ಹೋದೆ. ಮೂರನೆಯ ದಿನ ಅರ್ಜಿ ನಕಲು ಮಾಡಿದೆ. ಆ ಒಂದು ಸಾಲಿಗೆ ಬಂದಾಗ ಪೆನ್ನು ನಿಂತಿತು. ಮೇಜಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿದೆ. ಆಮೇಲೆ ಬರೆದೆ.

ನಿನ್ನೆ ಲೋರ್ನಾಳ ಮುಂದೆ ಎರಡೂ ಹಾಳೆ ಇಟ್ಟೆ. ಅವಳು ಓದುವಾಗ ನಾನು ಗೋಡೆಯ ಮೇಲಿನ ಚಿತ್ರ ನೋಡುತ್ತಾ ಕೂತೆ. ಒಬ್ಬ ಹುಡುಗಿ ಕಂಪ್ಯೂಟರ್ ಮುಂದೆ ನಗುತ್ತಿರುವ ಚಿತ್ರ ಅದು. ಲೋರ್ನಾ ಎರಡನೇ ಸಲ ಓದಿದಳು.

“ಇಡ್ವಲ್, ಇದನ್ನ ಅವತ್ತೇ ಯಾಕ್ ಹೇಳ್ಲಿಲ್ಲ? ಮೂರ್ ಸಲ ಕೇಳಿದ್ನಲ್ಲ ನಾನು.”

“ನಿಮ್ಮಮ್ಮ ಚಾಪೆಲ್‌ನಲ್ಲಿ ನನ್ನ ಹಿಂದೆ ಕೂರ್ತಾರಮ್ಮ.”

ಅವಳ ಮುಖ ಕೆಂಪಾಯಿತು. ಬೈಯುತ್ತಾಳೆ ಅಂದುಕೊಂಡೆ. ಪೆನ್ನು ತಿರುಗಿಸುತ್ತಾ ಸಣ್ಣ ದನಿಯಲ್ಲಿ ಹೇಳಿದಳು: “ನಾನು ಇಲ್ಲಿ ಏನ್ ಕೆಲ್ಸ ಮಾಡ್ತೀನಿ ಅಂತ ನಮ್ಮಮ್ಮಂಗೆ ಸರಿಯಾಗಿ ಹೇಳೇ ಇಲ್ಲ. ಜನಕ್ಕೆ ಕೆಲ್ಸ ಕೊಡಿಸ್ತೀನಿ ಅಂದಿದೀನಿ. ಅವತ್ತು ನೀವು ಬಂದಿಲ್ಲ ಅಂತ ಮೇಲಕ್ಕೆ ಬರ್ದು ಕಳಿಸಿದ್ದು ನಾನೇ. ಮನೆಗೆ ಹೋಗಿ ಊಟ ಸೇರ್ಲಿಲ್ಲ.”

“ನೀನೂ ಒಳ್ಳೇ ಕತ್ತೆನೇ ಹಾಗಾದ್ರೆ” ಅಂದೆ. ನಕ್ಕಳು, ಕಣ್ಣೊರೆಸಿಕೊಂಡಳು, ಅರ್ಜಿಗೆ ಮುದ್ರೆ ಒತ್ತಿದಳು. ತೀರ್ಮಾನ ಮಾಡುವವರು ಬೇರೆ ಊರಿನಲ್ಲಿದ್ದಾರೆ. ಅವರ ಮುಖ ಅವಳೂ ನೋಡಿಲ್ಲವಂತೆ.

ಬುಧವಾರ ಬರುತ್ತೇನೆ. ಕಾಸು ಕೇಳಿದೆ. “ಇಷ್ಟಕ್ಕೆ ಎರಡು ತಿಂಗಳು ಬೇಕಾಯ್ತಾ?” ಎಂದು ಬೈದು ಕೊಟ್ಟಳು ಎಲಿನೆಡ್.

ನಿನ್ನ
ಅಪ್ಪ


೨೬ ಮೇ

ನೆರಿಸ್,

ಹೋದ ಭೇಟಿಯಲ್ಲಿ ಹೇಳಿದ್ದೆನಲ್ಲ, ಉತ್ತರ ಬಂದಿಲ್ಲ ಎಂದು. ೧೬ನೇ ತಾರೀಕು, ಗುರುವಾರ ಬಂತು. ಒಂದೇ ಸಾಲು: ತೀರ್ಮಾನವನ್ನು ಬದಲಿಸಲಾಗಿದೆ. ಕ್ಷಮಿಸಿ ಎಂದೇನೂ ಇಲ್ಲ. ನಿಲ್ಲಿಸಿದ್ದನ್ನು ಕೊಟ್ಟಿದ್ದಾರೆ. ಎಲಿನೆಡ್‌ಗೆ ಕೊಡಬೇಕಾದ್ದನ್ನು ಕೊಟ್ಟು, ಬಿಸಿನೀರು ಕಾಯಿಸಿ ಸ್ನಾನದ ತೊಟ್ಟಿಯಲ್ಲಿ ಕತ್ತಿನವರೆಗೂ ಮುಳುಗಿ ಒಂದು ಗಂಟೆ ಕೂತೆ.

ಆ ಖುಷಿ ಆರುವ ಮೊದಲೇ ಇನ್ನೊಂದು. ಇಪ್ಪತ್ತನೇ ತಾರೀಕಿನಿಂದ ನಾಲ್ಕು ವಾರ, ವಾರಕ್ಕೆ ಮೂವತ್ತು ಗಂಟೆ ಕಡ್ಡಾಯ ದುಡಿಮೆ. ಸಂಬಳ ಇಲ್ಲ, ಹೋಗದಿದ್ದರೆ ಭತ್ಯೆಯೂ ಇಲ್ಲ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುವ ಅಭ್ಯಾಸ ನನಗೆ ತಪ್ಪಿದೆಯಂತೆ. ಮೂವತ್ತೊಂದು ವರ್ಷ ಆರೂವರೆಯ ಬಸ್ಸು ಹಿಡಿದವನಿಗೆ! ಒಂದು ಧರ್ಮಸಂಸ್ಥೆಯ ಹಳೆ ಪೀಠೋಪಕರಣದ ಗೋದಾಮಿಗೆ ಹಾಕಿದ್ದಾರೆ. ಜನ ಬೇಡವೆಂದು ಕೊಟ್ಟ ಮೇಜು, ಬೀರು, ಸೋಫಾ ಎಲ್ಲ ಅಲ್ಲಿಗೆ ಬರುತ್ತವೆ. ಅಲ್ಲಿನ ಮೇಲ್ವಿಚಾರಕ ಗೆಥಿನ್, ಲಾರಿ ಓಡಿಸಿ ಬೆನ್ನು ಕೆಡಿಸಿಕೊಂಡವನು. ಒರಟ, ಆದರೆ ಕೆಟ್ಟವನಲ್ಲ.

ಬೆಂಕಿ ತಡೆಯುವ ಬಟ್ಟೆ ಎಂಬ ಲೇಬಲ್ ಇಲ್ಲದ ಸೋಫಾಗಳನ್ನು ಮಾರುವಂತಿಲ್ಲ. ಒಡೆದು ಕಸಕ್ಕೆ ಹಾಕಬೇಕು. ನನ್ನ ಕೆಲಸವೇ ಅದು. ಮೊದಲ ದಿನ ಬಂದ ಮೂರನೇ ಸೋಫಾ ಮಗುಚಿದರೆ, ತಳದ ಬಟ್ಟೆಯ ಹೊಲಿಗೆ ನನ್ನದೇ. ಮೂಲೆಯಲ್ಲಿ ಎರಡು ಗಂಟು ಹಾಕುತ್ತಿದ್ದದ್ದು ಕಾರ್ಖಾನೆಯಲ್ಲಿ ನಾನೊಬ್ಬನೇ.

“ಇದನ್ನ ಮಾಡಿದ್ದು ನಾನೇ” ಅಂದೆ.

“ಲೇಬಲ್ ಇದ್ಯಾ?” ಅಂದ ಗೆಥಿನ್.

“ಯಾರೋ ಕತ್ತರಿಸಿದಾರೆ. ಮಾಡ್ದವನೇ ಎದುರಿಗೆ ನಿಂತಿದೀನಲ್ಲಯ್ಯ.”

“ನಿನ್ನನ್ನ ಅದಕ್ಕೆ ಅಂಟಿಸಿ ಮಾರೋಕಾಗಲ್ಲ ಇಡ್ವಲ್.”

ಒಡೆದೆ. ಸ್ಪ್ರಿಂಗು ಒಂದೂ ಸಡಿಲವಾಗಿರಲಿಲ್ಲ. ಹದಿನೈದು ವರ್ಷದಲ್ಲಿ ಎಷ್ಟು ಜನ ಕೂತಿರಬೇಕು ಅದರ ಮೇಲೆ. ಗೆಥಿನ್‌ಗೆ ಏನನ್ನಿಸಿತೋ, ಮಧ್ಯಾಹ್ನ ಬಂದು ಒಂದಷ್ಟು ಮರದ ಕುರ್ಚಿಗಳನ್ನು ತೋರಿಸಿ, ಇವುಗಳ ಸೀಟು ರಿಪೇರಿ ಮಾಡಬಹುದಾ ಎಂದ. ಈಗ ಅರ್ಧ ದಿನ ಒಡೆಯುತ್ತೇನೆ, ಅರ್ಧ ದಿನ ಹೊಲಿಯುತ್ತೇನೆ. ಹೊಲಿಯುವ ಹೊತ್ತು ಬೇಗ ಹೋಗುತ್ತದೆ.

ಒಂದೇ ಒಂದು ತೊಡಕು. ನಿನ್ನನ್ನು ಬಿಡುವುದು ಜೂನ್ ೧೩, ಗುರುವಾರ. ಗೋದಾಮಿನ ಕೆಲಸ ಮುಗಿಯುವುದು ೧೪ಕ್ಕೆ. ಹೇಗೆ ಎಂದು ಯೋಚಿಸುತ್ತಿದ್ದೇನೆ.

ಅಪ್ಪ


೨ ಜೂನ್

ಅಪ್ಪಾ,

ಯೋಚಿಸಬೇಡ, ಬರಬೇಡ. ಇದು ಕಡ್ಡಾಯ ದುಡಿಮೆ, ತಪ್ಪಿಸಿದರೆ ದೊಡ್ಡ ತಪ್ಪಾಗುತ್ತದೆ. ಈ ಸಲ ನಾಲ್ಕು ವಾರ ಅಲ್ಲ, ಹದಿಮೂರು ವಾರ ನಿಲ್ಲಿಸುತ್ತಾರೆ. ಇಲ್ಲಿ ಅಂಥದ್ದನ್ನು ಅನುಭವಿಸಿ ಬಂದವರು ಹತ್ತು ಜನ ಇದ್ದಾರೆ, ನಾನೇ ಅವರ ಅರ್ಜಿ ಬರೆದದ್ದು.

ಇಲ್ಲಿಯವರೇ ರೈಲಿನ ಟಿಕೆಟ್ ಕೊಡುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಗೇಟು ತೆರೆದರೆ ಸಂಜೆಯೊಳಗೆ ಊರಲ್ಲಿರುತ್ತೇನೆ. ನಿಲ್ದಾಣದಿಂದ ಮನೆಗೆ ದಾರಿ ನನಗೆ ಗೊತ್ತು. ನೀನು ಕೆಲಸ ಮುಗಿಸಿ ಬಾ, ನಾನು ಬಾಗಿಲು ತೆಗೆಯುತ್ತೇನೆ.

ನಿಜ ಹೇಳಬೇಕೆಂದರೆ ನಿಲ್ದಾಣದಿಂದ ಮನೆಯವರೆಗಿನ ಆ ಹತ್ತು ನಿಮಿಷ ನನಗೆ ಭಯ. ಆದರೂ ಬರಬೇಡ.

ನೆರಿಸ್


೮ ಜೂನ್

ನೆರಿಸ್,

ನಿನ್ನೆ ಚಹಾದ ಹೊತ್ತಿಗೆ ಗೋದಾಮಿನಲ್ಲಿ ಎಂಟು ಜನ ಇದ್ದೆವು. ಗೆಥಿನ್‌ನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಕೇಳೋಣ ಎಂದುಕೊಂಡು ಹೋದವನು, ಹೋಗಿ ನಿಂತ ಮೇಲೆ ಗುಟ್ಟು ಯಾಕೆ ಅನ್ನಿಸಿತು.

“ಗೆಥಿನ್, ಗುರುವಾರ ನನ್ನ ಮಗಳು ಜೈಲಿಂದ ಬರ್ತಾಳೆ. ಕರ್ಕೊಂಡು ಬರೋಕೆ ಹೋಗ್ಬೇಕು.”

ಬಿಸ್ಕತ್ತು ಅದ್ದುತ್ತಿದ್ದವರು ಹಾಗೇ ನಿಂತರು. ಒಬ್ಬನ ಬಿಸ್ಕತ್ತು ಚಹಾದೊಳಗೆ ಬಿತ್ತು.

“ರಜಾ ಕೊಡೋ ಅಧಿಕಾರ ನಂಗಿಲ್ಲ” ಅಂದ ಗೆಥಿನ್. “ಗೈರುಹಾಜರಿ ಹಾಕಿದ್ರೆ ಕಂಪನಿಗೆ ಹೋಗತ್ತೆ.”

“ಗೊತ್ತು. ಹಾಕು. ನಾನಂತೂ ಹೋಗೋನೇ.”

ಅವನು ಲೋಟ ಕೆಳಗಿಟ್ಟು ಫೋನು ಹಿಡಿದು ಹೊರಗೆ ಹೋದ. ಇಪ್ಪತ್ತು ನಿಮಿಷ ಬರಲಿಲ್ಲ. ಬಂದು ಹೇಳಿದ: “ಆ ಜೈಲಿಂದ ಆರು ಮೈಲಿ ದೂರದಲ್ಲಿ ಒಬ್ಬ ಮುದುಕಿ ಬೀರು ದಾನ ಕೊಡ್ತಾಳಂತೆ. ಓಕ್ ಮರದ್ದು, ಹೆಣಭಾರ. ನನ್ನ ಬೆನ್ನು ಸರಿ ಇಲ್ಲ. ಗುರುವಾರ ವ್ಯಾನಲ್ಲಿ ನೀನು ಬಾ. ಹಾಜರಿ ಹಾಕ್ತೀನಿ, ಬೀರು ಎತ್ತೋದೂ ಕೆಲ್ಸನೇ.”

ಮನೆಗೆ ಬರುವ ದಾರಿಯಲ್ಲಿ ಮಾಂಸದಂಗಡಿಗೂ ಹೋಗಿ ಹೇಳಿ ಬಂದೆ. ಅವನು ಕಟ್ಟಿಕೊಟ್ಟ ಸಾಸೇಜನ್ನು ಮನೆಗೆ ಬಂದು ಬಿಚ್ಚಿದರೆ ಎರಡು ಹೆಚ್ಚಿಗೆ ಇದ್ದವು.

ಗೇಟಿನ ಹೊರಗೆ ಬಿಳಿ ವ್ಯಾನು ನಿಂತಿರುತ್ತದೆ. ಒಂಬತ್ತಕ್ಕಲ್ಲ, ಎಂಟಕ್ಕೇ ನಿಂತಿರುತ್ತದೆ.

ಅಪ್ಪ


೧೪, ಬೆಥಾನಿಯಾ ಬೀದಿ
೨೭ ಜೂನ್

ಪ್ರೀತಿಯ ಡೆನೀಸ್,

ನಿನಗೆ ಇದನ್ನು ಓದಿ ಹೇಳುತ್ತಿರುವ ಮಿಸ್‌ಗೂ ನಮಸ್ಕಾರ. ನಿಧಾನವಾಗಿ ಓದಿ ಮಿಸ್, ಅವಳು ಮಧ್ಯೆ ಮಧ್ಯೆ ಬಾಯಿ ಹಾಕುತ್ತಾಳೆ.

ಅಪ್ಪ ಗೇಟಿನ ಎದುರಿಗೇ ನಿಂತಿದ್ದ, ಚಾಪೆಲ್‌ಗೆ ಹೋಗುವ ಕೋಟು ಹಾಕಿಕೊಂಡು. ತಬ್ಬಿಕೊಂಡದ್ದು ಎಷ್ಟು ಹೊತ್ತೆಂದರೆ ಗೆಥಿನ್ ಹಾರ್ನ್ ಹೊಡೆದ. ಆಮೇಲೆ ಮೂವರೂ ಸೇರಿ ಆ ಬೀರು ಹೊತ್ತೆವು, ಜೈಲಿನಿಂದ ಹೊರಗೆ ಬಂದು ನಾನು ಮಾಡಿದ ಮೊದಲ ಕೆಲಸ ಅದೇ. ವ್ಯಾನು ನಿಲ್ದಾಣದಲ್ಲಿ ನಿಲ್ಲಲಿಲ್ಲ, ಮನೆ ಬಾಗಿಲಿಗೇ ಬಂತು. ಎಲಿನೆಡ್ ಆಂಟಿ ಬೀದಿಗೆಲ್ಲ ಕೇಳುವಂತೆ, “ಬಂದ್ಲಪ್ಪಾ ನಮ್ಮ ಹುಡುಗಿ” ಎಂದು ಕೂಗಿದರು. ಎರಡು ಮನೆಯ ಪರದೆ ಸರಿಯಿತು. ಒಂದು ಮನೆಯವರು ಕೈ ಬೀಸಿದರು, ಇನ್ನೊಂದು ಮನೆಯವರು ಪರದೆ ಎಳೆದುಕೊಂಡರು. ಅಷ್ಟೇ ಆದದ್ದು.

ಅಪ್ಪನಿಗೆ ಗೋದಾಮಿನಲ್ಲಿ ಕೆಲಸ ಸಿಗಲಿಲ್ಲ. ನಾಲ್ಕು ವಾರ ಮುಗಿದ ಸೋಮವಾರವೇ ಅವನ ಜಾಗಕ್ಕೆ ಇನ್ನೊಬ್ಬರನ್ನು ಪುಕ್ಕಟೆ ಕಳಿಸಿದರಂತೆ. ಸಂಬಳ ಕೊಡುವ ಅಗತ್ಯ ಏನಿದೆ? ಗೆಥಿನ್ ಮಾತ್ರ ವಾರಕ್ಕೊಮ್ಮೆ ಬಂದು ಬೈದಾಡಿಕೊಂಡು ಚಹಾ ಕುಡಿದು ಹೋಗುತ್ತಾನೆ. ಇಬ್ಬರೂ ಸೇರಿ ಮನೆ ಹಿಂದಿನ ಶೆಡ್ಡಿನಲ್ಲಿ ಕುಶನ್ ಕೆಲಸ ಶುರು ಮಾಡುವ ಮಾತಾಡುತ್ತಿದ್ದಾರೆ. ಸದ್ಯಕ್ಕೆ ಮಾತು ಮಾತ್ರ.

ಮೊನ್ನೆ ಮಂಗಳವಾರ ನಾನೂ ಭತ್ಯೆಗೆ ಅರ್ಜಿ ಹಾಕಲು ಉದ್ಯೋಗ ಕಚೇರಿಗೆ ಹೋದೆ. ಅವತ್ತು ಅಪ್ಪನಿಗೂ ಭತ್ಯೆಯ ಸಹಿ ಹಾಕುವ ದಿನ, ಜೊತೆಗೆ ಬಂದ. ನನ್ನ ಹೆಸರು ಕರೆದಾಗ ಅವನೂ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಮೇಜಿನ ಆಚೆಗಿದ್ದವನು ಹೊಸಬ, ನನ್ನದೇ ವಯಸ್ಸು. ಹಿಂದೆ ಸಾಲಿನಲ್ಲಿ ಊರಿನ ಹತ್ತು ಹನ್ನೆರಡು ಜನ, ಅರ್ಧ ಜನ ನನ್ನ ಜೊತೆ ಶಾಲೆಗೆ ಹೋದವರೇ. ಅವನು ಕಂಪ್ಯೂಟರ್ ನೋಡುತ್ತಾ ಕೇಳಿದ:

“ಜನವರಿವರೆಗೆ ಕೌನ್ಸಿಲ್ ಕಚೇರಿ. ಅಲ್ಲಿಂದೀಚೆಗೆ ಇಲ್ಲಿ ಖಾಲಿ ಇದೆ. ಈ ಐದು ತಿಂಗಳು ಏನ್ ಮಾಡ್ತಿದ್ರಿ?”

ಉತ್ತರ ನಾನು ರೂಢಿ ಮಾಡಿಕೊಂಡೇ ಹೋಗಿದ್ದೆ ಡೆನೀಸ್, ಕನ್ನಡಿಯ ಮುಂದೆ ನಿಂತು. ಆದರೂ ಬಾಯಿ ತೆರೆದರೆ ದನಿ ಹೊರಡಲಿಲ್ಲ. ಅವನು ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ಹಿಂದಿನ ಸಾಲೂ ಸದ್ದಿಲ್ಲದೆ ಕಾಯುತ್ತಿತ್ತು.

ಆಗ ಅಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಸಮಾಧಾನದಿಂದ, ಬಾಗಿಲವರೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

“ಜೈಲಲ್ಲಿದ್ಲು. ಈಗ ಮನೇಲಿದಾಳೆ. ಎರಡನ್ನೂ ಬರ್ಕೊಳ್ಳಿ.”

ನಿನ್ನ
ನೆರಿಸ್